ಚಪ್ಪಲಿ ಎಲ್ಲಿ ಬಿಡಲಿ

ಹೊಸಿಲ ಹತ್ತಿರ ಬಂದವರು ಒಂದು ಗಳಿಗೆ ನಿಲ್ಲುತ್ತಾರೆ.
ಮೇಲೆ ನೋಡಿದರೆ ಚೂಪು ಕಮಾನು, ಬಣ್ಣದ ಗಾಜು;
ಒಳಗೆ ಇಣುಕಿದರೆ ಗೋಡೆಗೊರಗಿದ ಕಲ್ಲುದೇವರು.
‘ಚಪ್ಪಲಿ ಎಲ್ಲಿ ಬಿಡಲಿ?’ ಎಂದು ನನ್ನನ್ನು ಕೇಳುತ್ತಾರೆ,
ಖಾಕಿ ತೊಟ್ಟವನಿಗೆ ಎಲ್ಲ ಗೊತ್ತಿರುವಂತೆ.

ಹಾಕಿಕೊಂಡೇ ಬನ್ನಿ, ಇದು ಮ್ಯೂಸಿಯಂ.
ಹನ್ನೊಂದು ವರ್ಷದಿಂದ ಇದೇ ಮಾತು.
ಹೇಳುವಾಗ ಒಮ್ಮೊಮ್ಮೆ ನನ್ನ ಬೂಟನ್ನೇ ನೋಡಿಕೊಳ್ಳುತ್ತೇನೆ.

ಮೊದಲು ಇಲ್ಲಿ ವೀರಭದ್ರನಿದ್ದ.
ಆಮೇಲೆ ದಂಡು ಬಂತು. ದಂಡಿನ ಹಿಂದೆ ಭಾನುವಾರ ಬಂತು.
ಭಾನುವಾರಕ್ಕೆ ಒಂದಿಷ್ಟು ಸಮತಟ್ಟು ನೆಲ ಬೇಕಾಯಿತು.
ಮಡಿಕೇರಿಯಲ್ಲಿ ಅದೇ ದುರ್ಲಭ —
ಕೋಟೆ ಬಾಗಿಲಲ್ಲಿ ಕೈಜಾರಿದ ನಿಂಬೆಹಣ್ಣು
ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತದೆ.
ತಟ್ಟು ಮಾಡಿಟ್ಟ ನೆಲ ಇದ್ದದ್ದು ದೇವರ ಕೆಳಗೆ.
ಹಗೆಯೋ, ಬರೀ ಅನುಕೂಲವೋ,
ನಾನು ನೋಡಿದ ಯಾವ ಹಲಗೆಯೂ ಬಾಯಿ ಬಿಡುವುದಿಲ್ಲ.
ದಕ್ಷನ ಯಜ್ಞ ಕೆಡಿಸಿದವನು
ಕೂಲಿಯವರ ಹಗ್ಗಕ್ಕೆ ಸಿಕ್ಕಿ ಸುಮ್ಮನೆ ಎದ್ದು ಹೋದನೇ?
ಹೋದರೆ, ಎಲ್ಲಿಗೆ?

‘ನಮ್ಮ ವಿರಾಜಪೇಟೆ ಇಗರ್ಜಿ ಹಾಗಲ್ಲ ಮಾರಾಯ,
ರಾಜನೇ ಕರೆದು ಕೊಟ್ಟ ಜಾಗ,’
ಟಿಕೆಟ್ ಹರಿಯುವ ಲಾದ್ರು ಹೇಳುತ್ತಿರುತ್ತಾನೆ,
ನಾನು ಕೇಳದಿದ್ದರೂ.
‘ಇದು ದೊರೆಗಳದ್ದು. ನಮ್ಮವರು ಇಲ್ಲಿ ಮಂಡಿಯೂರಿದವರಲ್ಲ.’
ಹೇಳಿದವನೇ, ಪೀಠವಿದ್ದ ಕಡೆ ತಿರುಗಿ
ಹಣೆ, ಎದೆ, ಭುಜ ಮುಟ್ಟಿಕೊಳ್ಳುತ್ತಾನೆ,
ಸೊಳ್ಳೆ ಓಡಿಸಿದ ಹಾಗೆ.

ಪೀಠವಿದ್ದಲ್ಲಿ ಈಗ ಒಂದು ವೀರಗಲ್ಲು.
ಯಾವುದೋ ತೋಟದಲ್ಲಿ ಕಾಫಿಗೆ ಗುಂಡಿ ತೋಡುವಾಗ ಹಾರೆಗೆ ತಾಗಿದ್ದಂತೆ.
ಹೆಸರಿಲ್ಲ, ಮೂಗಿಲ್ಲ, ಕತ್ತಿ ಇದೆ.
ನಾಲ್ಕು ಗಂಟೆಗೆ ಗಾಜಿನ ಕೆಂಪು ಜಾರಿ ಬಂದು
ಅವನ ಎದೆಯ ಮೇಲೆ ಕೂರುತ್ತದೆ.
ಮುಟ್ಟಬಾರದೆಂದು ಬಿಸಿಲಿಗೆ ಯಾರು ಹೇಳಬೇಕು!

ಹೊರಗೆ ಕೋಟೆ ಗಣಪತಿಗೆ ಯಾರೋ ಈಡುಗಾಯಿ ಒಡೆಯುತ್ತಾರೆ.
ಗೋಡೆ ದಪ್ಪ; ಆದರೂ ಸದ್ದು ನುಸುಳಿ
ಎತ್ತರದ ಚಾವಣಿಗೆ ತಾಗಿ
ಇನ್ನೊಮ್ಮೆ ಒಡೆಯುತ್ತದೆ.

ಕಳೆದ ಮಂಗಳವಾರ ಬಂದ ಚಿಣ್ಣವ್ವ
(ಮೊಮ್ಮಗಳು ಹೆಸರು ಹಿಡಿದು ಕರೆದದ್ದರಿಂದ ತಿಳಿಯಿತು)
ನನ್ನನ್ನು ಏನೂ ಕೇಳಲಿಲ್ಲ.
ಚಪ್ಪಲಿ ಕಳಚಿ ಗೋಡೆಗೆ ಮುಖ ಮಾಡಿಸಿ ಇಟ್ಟಳು.
ಪೊರೆ ಬಂದ ಕಣ್ಣು; ಕೈಯಿಂದ ತಡವಿ ತಡವಿ
ಕತ್ತಿಯ ಹಿಡಿ ಸಿಕ್ಕಾಗ ನಿಂತಳು.
‘ಇವ ನಮ್ಮ ಕಾರೋಣ,’ ಅಂದಳು.
ಅಲ್ಲವೆನ್ನಲು ನನ್ನ ಬಳಿ ಏನು ದಾಖಲೆಯಿತ್ತು?
ಸೆರಗಿನ ಗಂಟಿನಿಂದ ಒಂದು ಹಿಡಿ ಅಕ್ಕಿ ತೆಗೆದು
ಅವನ ಪಾದಕ್ಕೆ ಚೆಲ್ಲಿ
ಬಿಸಿಲಿಗೆ ಕೊಡೆ ಹಿಡಿದು ಇಳಿದು ಹೋದಳು.

ಮುಚ್ಚುವ ಮುನ್ನ ನೆಲ ಗುಡಿಸಬೇಕು, ನಿಯಮ.
ಪೊರಕೆ ತಂದೆ.
ಲಾದ್ರು ಹೊರಗೆ ಬೀಗದ ಗೊಂಚಲು ಕುಲುಕುತ್ತಿದ್ದ,
ಅವನ ಬಸ್ಸಿಗೆ ಹೊತ್ತಾಗಿತ್ತು.
ಪೊರಕೆ ಕಂಬಕ್ಕೊರಗಿಸಿ
ಅಲ್ಲೇ ನೆಲದ ಮೇಲೆ ಕೂತು ಬೂಟು ಬಿಚ್ಚತೊಡಗಿದೆ.
ಲೇಸು ಗಂಟು ಬಿದ್ದಿತ್ತು.
ಬಹಳ ಹೊತ್ತು ಹಿಡಿಯಿತು.