ಮುರಿಯುವ ಜಾಗ

ಈ ವಾರವೇ ಮೂರು. ಶನಿವಾರ ಹಾಡಿನ ನಡುವೆ ಒಂದು
ಟಣ್ಣೆಂದು ಹಾರಿ ಕೆನ್ನೆ ಗೀರಿತು.
‘ನಿನ್ನದು ಸೌದೆ ಒಡೆಯೋ ಕೈ’ ಅಂದ ಡ್ರಮ್ಮಿನ ಲೌತಾರೊ.
ಕಡಲ ಉಪ್ಪುಗಾಳಿ, ಅಂದೆ. ಅಗ್ಗದ ತಂತಿ, ಅಂದೆ.
ಕುಣಿಯಲಾರದವಳ ಹಾಗೆ
ಸಿಕ್ಕ ನೆಲವನ್ನೆಲ್ಲ ಬೈದೆ.

ವಾಲ್ಪರೈಸೊ ಬಂದರಿನ ಮೇಲಿನ ಗುಡ್ಡ,
ನೂರರವತ್ತೆರಡು ಮೆಟ್ಟಿಲು, ತಗಡಿನ ಗೋಡೆಯ ಕೋಣೆ.
ದೋನ್ಯಾ ಎದುವಿಹಿಸ್ ಗಿಟಾರ್ ಮುಟ್ಟಲೇ ಇಲ್ಲ.
‘ಮುರಿದವನ್ನು ತಂದೆಯಾ?’
ಯಾರು ತರುತ್ತಾರೆ ಮುರಿದದ್ದನ್ನು?
ಪೆಟ್ಟಿಗೆಯ ಮೂಲೆ ತಡಕಿದರೆ ಎರಡು ತುಂಡು ಸಿಕ್ಕವು.
ಪಕ್ಕಪಕ್ಕ ಇಟ್ಟಳು:
ಎರಡೂ ಒಂದೇ ಅಳತೆಗೆ ಸತ್ತಿದ್ದವು.

ಶಾಲಿನಿಂದ ಒಂದು ಎಳೆ ಕಿತ್ತು
ತಂತಿ ಹೊರುವ ಕುದುರೆಯ ಬೆನ್ನ ಮೇಲೆ ಎಳೆದಳು.
ಎಳೆ ಒಂದು ಕಡೆ
ನಿಂತಿತು.
ಕಣ್ಣಿಗೆ ಕಾಣದ, ಉಗುರಿಗೂ ಸಿಗದ ಮುಳ್ಳು.
ಅರದಿಂದ ನಾಲ್ಕು ಉಜ್ಜು,
ತಲೆಯ ಕಡೆಯ ಗೀಟುಗಳಿಗೆ ಒಂದಿಷ್ಟು ಪೆನ್ಸಿಲ್ ಕರಿ.
ಅಷ್ಟೇ.
ನೆಲ ನಿಜಕ್ಕೂ ಡೊಂಕಾಗಿತ್ತು!
ಲೌತಾರೊಗೆ ಹೇಳಲು ಮೆಟ್ಟಿಲಿಳಿದು ಓಡಿದೆ,
ಹಿಂದಿನಿಂದ ಅವಳ ದನಿ:
‘ಆದರೂ ಮೆಲ್ಲಗೆ ಬಾರಿಸು, ಮಗಾ.’

ಈ ಶನಿವಾರ ತಂತಿ ಉಳಿಯಿತು.
ಈಗ ಮುರಿಯುತ್ತೆ, ಈಗ ಮುರಿಯುತ್ತೆ ಎಂದು
ಕೆನ್ನೆ ವಾರೆ ಮಾಡಿಕೊಂಡೇ ನುಡಿಸುತ್ತ
ಎರಡು ಸಲ ತಾಳ ತಪ್ಪಿದೆ.