ಬೂದಿಯ ತೂಕ

ರಾತ್ರಿಯಿಡೀ ಕುಲುಮೆ ಆರುನೂರು ಡಿಗ್ರಿಯಲ್ಲಿ ಕಾದಿದೆ.
ಬೆಳಿಗ್ಗೆ ಬಾಗಿಲು ತೆಗೆದರೆ
ಪಿಂಗಾಣಿ ಬಟ್ಟಲುಗಳಲ್ಲಿ ಮರಿಗಳ ಕಾಲೆಲುಬು,
ಮಾಂಸ ಬಿಡಿಸಿ ಕೊಬ್ಬು ತೊಳೆದದ್ದು,
ಇಪ್ಪತ್ತೊಂದು ದಿನ ಓಡಾಡಿದ್ದು,
ಈಗ ಊದಿದರೆ ಹಾರುವಷ್ಟು ಬಿಳಿ.
ಉಸಿರು ಹಿಡಿದು ತೂಗುತ್ತೇನೆ.

ಕಾಂಕೋರ್ಡಿಯಾದ ಈ ಗುಡ್ಡಗಳಲ್ಲಿ ಜನಕ್ಕಿಂತ ಕೋಳಿ ಹೆಚ್ಚು.
ಮೇವು ಮೆಕ್ಕೆಜೋಳ, ಸೋಯಾ ಹಿಂಡಿ.
ಕಾಳಿನೊಳಗೆ ರಂಜಕ ಬೇಕಾದಷ್ಟಿದೆ, ಆದರೆ
ಉಂಗುರಕ್ಕೆ ಆರು ಕೈ ಮೂಡಿದಂಥ ಒಂದು ಅಣು
ಆರೂ ಮುಷ್ಟಿ ಬಿಗಿದು ಕೂತಿದೆ.
ಪಕ್ಕದಲ್ಲಿ ಹಾದುಹೋದ ಸುಣ್ಣವನ್ನು, ಸತುವನ್ನು
ತಬ್ಬಿಕೊಂಡರೆ ಬಿಡುವುದಿಲ್ಲ.
ಕಡಲೆ ಇದ್ದರೆ ಹಲ್ಲಿಲ್ಲ ಎಂಬ ಮಾತು
ಕೋಳಿಯ ಪಾಲಿಗೆ ಗಾದೆಯೇನಲ್ಲ, ಅಂಗರಚನೆ.
ತಿಂದದ್ದು ಮುಚ್ಚಿದ ಮುಷ್ಟಿಯಾಗಿಯೇ ಹೊರಬಿದ್ದು
ಗೊಬ್ಬರವಾಗಿ, ಮಳೆಗೆ ಜಾರಿ, ಹೊಳೆಗಿಳಿದು,
ಅಲ್ಲಿ ಯಾರೋ ನಿಧಾನ ಬಿಚ್ಚುತ್ತಾರೆ.
ನೀರು ಹಸಿರಾಗುತ್ತದೆ.
ಕುಂಟುವ ಮರಿ ಇಲ್ಲಿ, ಕೊಬ್ಬಿದ ಪಾಚಿ ಅಲ್ಲಿ.

ಕಾಳನ್ನು ಜಿಪುಣ ಎನ್ನುತ್ತಾನೆ ವಾಲ್ಡೆಸೀರ್,
ಮೇವು ಕಲಸುವವನು.
ನಾನು ಹೂಂ ಎನ್ನುವುದಿಲ್ಲ.

ನನ್ನ ಅಮ್ಮ ಜೆನೊವೇವಾ
ಏಪ್ರನ್ನಿನ ಜೇಬಿನಲ್ಲಿ ಕಪಾಟಿನ ಕೀಲಿ ಇಟ್ಟುಕೊಂಡು
ಆಗಸ್ಟಿನ ಹಸಿವಿನಲ್ಲಿ ಏಳು ಮಕ್ಕಳನ್ನು ದಾಟಿ ನಡೆಯುತ್ತಿದ್ದಳು.
ಎಂಜಲ ಕೈಯಲ್ಲಿ ಕಾಗೆ ಓಡಿಸದವಳು ಎಂದು
ಬೆನ್ನ ಹಿಂದೆ ಅಂದುಕೊಂಡಿದ್ದೇವೆ,
ನಾನೇ ಜೋರಾಗಿ.
ಕಪಾಟಿನಲ್ಲಿ ಇದ್ದದ್ದು ಹನ್ನೆರಡು ತೆನೆ,
ಕೆಂಪು ಜೋಳ, ಹುಳ ಹಿಡಿಯದಂತೆ ಒಲೆಬೂದಿ ಬಳಿದದ್ದು.
ಸೆಪ್ಟೆಂಬರಿನಲ್ಲಿ ಮಣ್ಣು ನೆಂದ ದಿನ
ಯಾರೂ ಕೇಳದೆ ತಾನೇ ತೆಗೆದಳು.

ಕಾಳೂ ಹಾಗೆಯೇ.
ನೆಂದರೆ ಸಾಕು, ತನ್ನ ಕೀಲಿಯನ್ನು ತಾನೇ ಮಾಡಿಕೊಳ್ಳುತ್ತದೆ,
ಒಳಗಿನ ಮೊಳಕೆಗೆ ಒಂದೊಂದೇ ಬೆರಳು ಬಿಚ್ಚಿ ಕೊಡುತ್ತದೆ.
ನಾವು ಮೊಳೆಯಲು ಬಿಡದೆ ಬೀಸಿ ಹಿಟ್ಟು ಮಾಡಿದೆವು;
ಕೋಳಿ ಅದರ ಮಗುವಲ್ಲ.

ಅಂಥದೇ ಕೀಲಿಯನ್ನು ಬೂಷ್ಟಿನಿಂದ ಬೆಳೆಸಿ
ಚೀಲದಲ್ಲಿ ತುಂಬಿ ಕಳಿಸುತ್ತಾರೆ: ಕಿಣ್ವ, ಕಂದು ಪುಡಿ,
ಟನ್ನು ಮೇವಿಗೆ ಒಂದು ಹಿಡಿ.
ಹೊಟ್ಟೆಯ ಹುಳಿಯಲ್ಲಿ ಅದಕ್ಕೆ ಸಿಗುವ ಹೊತ್ತು ಸ್ವಲ್ಪ.
ಅಷ್ಟರಲ್ಲಿ ಎಷ್ಟು ಬೆರಳು ಬಿಚ್ಚಿತು ಎಂಬುದೇ
ಈ ಬಟ್ಟಲುಗಳ ಪ್ರಶ್ನೆ.

ಬಿ ಗುಂಪು, ರಂಜಕ ಕಡಿತ, ಕಿಣ್ವವಿಲ್ಲ: ಬೂದಿ ಹಗುರ.
ಸಿ ಗುಂಪು, ಅದೇ ಕಡಿತ, ಜೊತೆಗೆ ಒಂದು ಹಿಡಿ:
ತಕ್ಕಡಿಯ ಅಂಕಿ ಏರಿ, ತಡಬಡಿಸಿ,
ಎ ಗುಂಪಿನ ಹತ್ತಿರ ಬಂದು ನಿಲ್ಲುತ್ತದೆ.
ಸತು ಕೊಂಚ ಹೆಚ್ಚು. ಕಬ್ಬಿಣದ ಬಗ್ಗೆ
ಈ ಸಲ ಏನೂ ಬರೆಯಲಾರೆ.
ಗೊಬ್ಬರದಲ್ಲಿ ಇನ್ನೂ ಉಳಿದಿದೆ, ಸುಮಾರು ಉಳಿದಿದೆ.

ಅಂಗೈಗೆ ಬೂದಿ ಅಂಟಿದೆ.
ತೊಳೆಯುವ ಮುಂಚೆ, ಯಾರೂ ನೋಡುತ್ತಿಲ್ಲವಾದ್ದರಿಂದ,
ಒಮ್ಮೆ ಮುಷ್ಟಿ ಕಟ್ಟುತ್ತೇನೆ,
ಬಿಡುತ್ತೇನೆ.
ಮುಂದಿನ ತಟ್ಟೆ ಇನ್ನೂ ಬಿಸಿ.