ಮೂರನೆಯ ದಶಾಂಶ

ಮುಹರ್ರಕ್‌ನ ಈ ಗಲ್ಲಿಗೆ ಪಿಕಪ್ ಬರುವುದಿಲ್ಲ.
ಅದನ್ನೇ ಮೊದಲು ಬರೆದುಕೊಂಡೆ:
ಇನ್ನೂರು ಹೆಜ್ಜೆ, ತಲೆಹೊರೆ, ಮೂಟೆಗೆ ಇಷ್ಟು ಫಿಲ್ಸ್.
ಟೇಪು ಬಿಚ್ಚುವುದು ಆಮೇಲೆ.

ಅಡುಗೆಮನೆ ಮೂರು ಅರವತ್ತು, ನಾಲ್ಕು ಹತ್ತು.
ಇನ್ನೊಂದು ಮೂಲೆಯಿಂದ ಹಿಡಿದರೆ ನಾಲ್ಕು ಹದಿನೆಂಟು.
ಹಳೆ ಮನೆಗಳಲ್ಲಿ ಮೂಲೆಮಟ್ಟ ಯಾರೂ ಕೇಳಿದ್ದಿಲ್ಲ.
ಆ ಎಂಟು ಸೆಂಟಿಮೀಟರಿಗಾಗಿ ಟೈಲ್ಸು ಸೀಳಬೇಕು,
ಸೀಳಿದ್ದರಲ್ಲಿ ಒಡೆಯುವುದು ನೂರಕ್ಕೆ ಹತ್ತು,
ರಶೀದ್ ಮೇಸ್ತ್ರಿ ಬಂದರೆ ಏಳು,
ಅವನ ತಮ್ಮ ಬಂದರೆ ದೇವರೇ ಗತಿ, ಹದಿನೈದು ಹಾಕು.

ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದೆ.
ಬ್ಲಾಕು ಆದರೆ ಟೊಳ್ಳು ದನಿ, ಬಲಿತ ಹಲಸು ತಟ್ಟಿದ ಹಾಗೆ.
ಇದು ಮಾತೇ ಆಡಲಿಲ್ಲ.
ಗಾರೆ ಕೆರೆದರೆ ಒಳಗೆ ಸಮುದ್ರದ ಕಲ್ಲು, ಹವಳದ್ದು,
ತೂತು ತೂತು, ಉಪ್ಪು ಕುಡಿದು ಕೂತದ್ದು.
ಡ್ರಿಲ್ ಇಟ್ಟರೆ ಹಿಟ್ಟು. ಇಡದಿದ್ದರೆ ಇನ್ನೂ ನೂರು ವರ್ಷ.
ನನ್ನ ದರಪಟ್ಟಿಯಲ್ಲಿ ಹವಳಕ್ಕೆ ಸಾಲಿಲ್ಲ.

ಕಸುಬು ಕಲಿಸಿದ ಐತಪ್ಪಣ್ಣ ಹೇಳುತ್ತಿದ್ದರು:
"ದುಂಡು ಅಂಕಿ ಕೊಡಬೇಡ ಮಾರಾಯ,
ದುಂಡಗಿದ್ದದ್ದನ್ನು ಜನ ಉರುಳಿಸುತ್ತಾರೆ.
ಸಾವಿರದ ಎಂಟುನೂರು ಅಂದರೆ
ಐನೂರಕ್ಕೆ ಹೋಗಿ ನಿಲ್ಲುತ್ತದೆ.
ಸಾವಿರದ ಎಂಟುನೂರ ನಲವತ್ತೇಳು, ಚುಕ್ಕಿ, ಮುನ್ನೂರ ಅರವತ್ತೈದು ಅನ್ನು,
ತೊದಲದೆ ಅನ್ನು.
ಈ ದೇಶದ ದಿನಾರಿಗೆ ಚುಕ್ಕಿಯ ಬಲಕ್ಕೆ ಮೂರು ಮನೆ.
ನಂಬಿಕೆ ಬಾಡಿಗೆಗಿರುವುದು ಮೂರನೆಯದರಲ್ಲಿ."

ಬದ್ರಿಯಾ ಟೀಚರು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು.
ನನಗದು ತಿಳಿದದ್ದು ತಡವಾಗಿ.
ಗಹವಾ ಬಗ್ಗಿಸಿ, ಕನ್ನಡಕ ಇಳಿಸಿ,
ನನ್ನ ಕಾಗದವನ್ನು ಉತ್ತರಪತ್ರಿಕೆಯ ಹಾಗೆ ಹಿಡಿದರು.
ಕೆಂಪು ಪೆನ್ನು ಎಲ್ಲಿಂದಲೋ ಬಂತು.

ಟೈಲ್ಸಿಗೆ ಟಿಕ್ಕು. ಕೊಳಾಯಿಗೆ ಟಿಕ್ಕು.
"ಅನಿರೀಕ್ಷಿತ, ನೂರಕ್ಕೆ ಹನ್ನೆರಡು. ಏನಿದು?"
"ಗೋಡೆ ಒಡೆಯುವ ತನಕ ಗೊತ್ತಾಗದ್ದು, ಅಮ್ಮಾ."
"ಗೊತ್ತಾಗದ್ದು ಹನ್ನೆರಡೇ ಅಂತ ಹೇಗೆ ಗೊತ್ತಾಯಿತು?"
ನಕ್ಕರು. ನಾನೂ ನಕ್ಕೆ. ಎಸಿ ಮಾತ್ರ ಗುರುಗುಟ್ಟಿತು.

ಆರನೇ ಸಾಲಿಗೆ ಪೆನ್ನು ನಿಂತಿತು:
ಒಡೆದ ಕಲ್ಲು ಹೊರುವುದು, ಹೆಲ್ಪರ್ ಒಬ್ಬ, ಎರಡು ದಿನ.
ಅಂಚಿನಲ್ಲೇ ಗುಣಿಸಿದರು. ಉದ್ದ, ಎತ್ತರ, ದಪ್ಪ,
ಇನ್ನೂರು ಹೆಜ್ಜೆ ಹೋಗಿ ಇನ್ನೂರು ಬಂದು,
ಬಿಸಿಲಿಗೆಂದು ಸರಕಾರವೇ ಕೆಲಸ ನಿಲ್ಲಿಸಿದ
ಮಧ್ಯಾಹ್ನದ ನಾಲ್ಕು ತಾಸು ಕಳೆದು.
ಐದು ದಿನ ಬಂತು.
"ಉಳಿದ ಮೂರು ದಿನ ಕಲ್ಲು ತಾನೇ ನಡೆದು ಹೋಗುತ್ತದೆಯೇ?"

ತಪ್ಪಲ್ಲ ಅದು. ಮರೆವೂ ಅಲ್ಲ.
ದರ ಇಳಿಸಬೇಕಾದಾಗ ನಾವೆಲ್ಲ ಕೈಹಾಕುವ ಜಾಗ.
ಸಿಮೆಂಟು ಇಳಿಯುವುದಿಲ್ಲ, ಪೈಪು ಇಳಿಯುವುದಿಲ್ಲ,
ಮೇಸ್ತ್ರಿ ಮುನಿದರೆ ಕರಣೆ ತೊಳೆದಿಟ್ಟು ಹೋಗಿಬಿಡುತ್ತಾನೆ.
ಹೊರುವವನ ದಿನವನ್ನು ಮಾತ್ರ
ಎಷ್ಟು ಬೇಕಾದರೂ ಮಡಚಬಹುದು.
ನಾನೂ ಇಲ್ಲಿಗೆ ಬಂದದ್ದು ಆರನೇ ಸಾಲಾಗಿಯೇ,
ರಿಫಾದಲ್ಲೊಂದು ಬೀಡಿನ ಬಾತ್‌ಟಬ್ಬನ್ನು
ಮೂರು ಮಹಡಿ ಬೆನ್ನ ಮೇಲೆ ಇಳಿಸಿ.
ಅದನ್ನು ಅವರಿಗೆ ಹೇಳಲಿಲ್ಲ. ಅದಕ್ಕೂ ಸಾಲಿಲ್ಲ.

ಎರಡನ್ನು ಹೊಡೆದು ಐದು ಬರೆದೆ.
ಮೊತ್ತ ಏರಿತು.
ಸಿತ್ರಾದ ಪಾರ್ಟಿಯದು ಮೊದಲೇ ನನಗಿಂತ ನೂರು ದಿನಾರು ಕಮ್ಮಿ.
ಅವನ ಕಾಗದ ಫ್ರಿಜ್ಜಿನ ಬಾಗಿಲಲ್ಲಿ,
ಪ್ಲಾಸ್ಟಿಕ್ ಕಿತ್ತಳೆಯ ಕೆಳಗೆ, ದುಂಡಗೆ ನೇತಾಡುತ್ತಿತ್ತು.
"ನೋಡಿ ಫೋನು ಮಾಡುತ್ತೇನೆ" ಅಂದರು ಟೀಚರು.

ಗಲ್ಲಿಯಲ್ಲಿ ವಾಪಸು ಬರುವಾಗ ಹೆಜ್ಜೆ ಎಣಿಸಿದೆ.
ಇನ್ನೂರಲ್ಲ,
ಇನ್ನೂರ ಹದಿನಾಲ್ಕು.